ಕ್ಯಾಕ್ಟಸ್ ಕಸಿ ಹಿಡಿಯದಿದ್ದರೆ: ಬಿದ್ದ ಕಸಿಯ ಮುಖ ನೋಡಿ ಕಾರಣ ಹುಡುಕುವ ಬಗೆ

ಕಸಿ ಬಿದ್ದ ಕೂಡಲೇ ಎರಡೂ ತುಂಡುಗಳನ್ನು ಗೊಬ್ಬರದ ಗುಂಡಿಗೆ ಎಸೆಯಬೇಡಿ. ಮೇಲಿನ ತುಂಡಿನ ತಳ, ಕೆಳಗಿನ ಗಿಡದ ನೆತ್ತಿ, ಈ ಎರಡು ಕೊಯ್ದ ಮುಖಗಳನ್ನು ಬೆಳಕಿಗೆ ಹಿಡಿದು ನೋಡಿದರೆ ಕಸಿ ಯಾಕೆ ಹಿಡಿಯಲಿಲ್ಲ ಅನ್ನುವುದು ಬಹುತೇಕ ಗೊತ್ತಾಗುತ್ತದೆ. ಮುಖ ಒಣಗಿದೆಯೇ, ಕೊಳೆತಿದೆಯೇ? ಸಮತಟ್ಟಾಗಿದೆಯೇ, ನಡುವೆ ತಗ್ಗು ಬಿದ್ದಿದೆಯೇ? ಕೊಯ್ದ ಮುಖದ ಒಳಗೆ ಕಾಣುವ ನಾಳಗಳ ಉಂಗುರ ಎಲ್ಲಿದೆ, ಯಾವ ಬಣ್ಣಕ್ಕಿದೆ? ಇಷ್ಟನ್ನು ನೋಡದೆ ಮತ್ತೊಂದು ಕಟ್ಟಿದರೆ ಅದೂ ಅದೇ ಕಾರಣಕ್ಕೆ ಬೀಳುತ್ತದೆ.

ಕೆಳಗೆ ಬೇರಿರುವ ಗಿಡವನ್ನು ಇಲ್ಲಿ ಬೇರುಗಿಡ ಅಂತಲೂ ಮೇಲೆ ಕೂರಿಸುವ ತುಂಡನ್ನು ಕುಡಿ ಅಂತಲೂ ಕರೆದಿದ್ದೇವೆ. ಹಾಸನ, ಚಿಕ್ಕಮಗಳೂರಿನ ಮನೆಗಳಲ್ಲಿ ಹೆಚ್ಚಾಗಿ ನಡೆಯುವುದು ಡ್ರ್ಯಾಗನ್ ಫ್ರೂಟ್ ಕಾಂಡದ ಮೇಲೆ ಕೆಂಪು, ಹಳದಿ ಗುಂಡಿನಂಥ ಮೂನ್ ಕ್ಯಾಕ್ಟಸ್ ಅಥವಾ ಮ್ಯಾಮಿಲೇರಿಯಾ, ಜಿಮ್ನೋಕ್ಯಾಲಿಸಿಯಂ ಎಂಬ ಸಣ್ಣ ಗುಂಡು ಕ್ಯಾಕ್ಟಸ್‌ಗಳನ್ನು ಕೂರಿಸುವ ಕಸಿ. ಉದಾಹರಣೆಗಳೆಲ್ಲ ಅದರ ಸುತ್ತಲೇ ಇವೆ. ಉಳಿದ ಜೋಡಿಗಳಿಗೂ ತತ್ವ ಒಂದೇ.

ಮೊದಲು ಉಂಗುರ ಗುರುತಿಸಿ

ಕಾಫಿ, ಮಾವು ಕಸಿ ಕಟ್ಟಿ ಪಳಗಿದ ಕೈಗಳು ಕ್ಯಾಕ್ಟಸ್‌ನಲ್ಲಿ ಸೋಲುವುದು ಇಲ್ಲೇ. ಮರಜಾತಿಯ ಗಿಡಗಳಲ್ಲಿ ಬೆಳೆಯುವ ಪದರ ತೊಗಟೆಯ ಕೆಳಗೇ ಇರುತ್ತದೆ. ಆದ್ದರಿಂದ ತೊಗಟೆಗೆ ತೊಗಟೆ, ಅಂಚಿಗೆ ಅಂಚು ಸೇರಿಸಿ ಕಟ್ಟುವುದು ರೂಢಿ. ಕ್ಯಾಕ್ಟಸ್‌ನಲ್ಲಿ ಅಂಚು ಸೇರಿಸಿದರೆ ಏನೂ ಪ್ರಯೋಜನವಿಲ್ಲ. ನೀರು, ಆಹಾರ ಸಾಗಿಸುವ ನಾಳಗಳು ಒಳಗೆ, ತಿರುಳಿನ ನಡುವೆ, ಒಂದು ಉಂಗುರವಾಗಿ ನಿಂತಿರುತ್ತವೆ. ಕುಡಿಯ ಉಂಗುರವೂ ಬೇರುಗಿಡದ ಉಂಗುರವೂ ಎಲ್ಲಾದರೂ ಒಂದು ಕಡೆ ಮುಟ್ಟಲೇಬೇಕು. ಎರಡು ಕಡೆ ಮುಟ್ಟಿದರೆ ಇನ್ನೂ ಒಳ್ಳೆಯದು.

ಡ್ರ್ಯಾಗನ್ ಫ್ರೂಟ್ ಕಾಂಡವನ್ನು ಅಡ್ಡ ಕೊಯ್ದು ಒಂದು ನಿಮಿಷ ಬಿಡಿ. ಮೊಬೈಲ್ ಟಾರ್ಚನ್ನು ಮೇಲಿನಿಂದ ಬಿಡದೆ ಪಕ್ಕದಿಂದ ಓರೆಯಾಗಿ ಹಿಡಿದು ನೋಡಿ. ಹೊರಗೆ ಹಸಿರು ಸಿಪ್ಪೆ, ಅದರೊಳಗೆ ಲೋಳೆ ತುಂಬಿದ ತಿಳಿಹಸಿರು ತಿರುಳು, ಸರಿಯಾಗಿ ನಡುವೆ ತುಸು ಬೇರೆ ಬಣ್ಣದ ಒಂದು ಸಣ್ಣ ವೃತ್ತ ಕಾಣುತ್ತದೆ. ಆ ವೃತ್ತದ ಗೆರೆಯ ಮೇಲೆ ರಸ ಸಣ್ಣ ಸಣ್ಣ ಹನಿಯಾಗಿ ಒಸರುತ್ತಿರುತ್ತದೆ. ಅದೇ ಉಂಗುರ. ವೃತ್ತದ ಒಳಗಿರುವುದು ಬರೀ ದಿಂಡು, ಅದರಿಂದ ಕಸಿ ಕೂಡುವುದಿಲ್ಲ. ಮೂನ್ ಕ್ಯಾಕ್ಟಸ್‌ನ ತಳ ಕೊಯ್ದರೂ ಇಂಥದ್ದೇ ವೃತ್ತ ಸಿಗುತ್ತದೆ. ಸಣ್ಣ ಮರಿಯಲ್ಲಿ ಅದು ಬೇರುಗಿಡದ ವೃತ್ತಕ್ಕಿಂತ ಚಿಕ್ಕದು.

ಹೀಗಿರುವಾಗ ಚಿಕ್ಕ ವೃತ್ತವನ್ನು ದೊಡ್ಡ ವೃತ್ತದ ನಟ್ಟನಡುವೆ ಇಟ್ಟರೆ ಗೆರೆಗೆ ಗೆರೆ ಎಲ್ಲೂ ತಾಗುವುದಿಲ್ಲ. ನೋಡಲು ಅಂದವಾಗಿ ನಡುವೆ ಕೂತ ಕುಡಿಯೇ ಬೀಳುವುದು ಇದರಿಂದ. ಕುಡಿಯನ್ನು 2–3 ಮಿ.ಮೀ. ಪಕ್ಕಕ್ಕೆ ಸರಿಸಿ, ವೃತ್ತಗಳು ಒಂದನ್ನೊಂದು ಅಡ್ಡ ಹಾಯುವಂತೆ ಇಡಬೇಕು. ಆಗ ಎರಡು ಕಡೆ ಸಂಪರ್ಕ ಸಿಗುತ್ತದೆ. ಗಿಡ ಸ್ವಲ್ಪ ಓರೆಯಾಗಿ ಕೂತಂತೆ ಕಂಡರೂ ಬೆಳೆದು ದಪ್ಪವಾದಾಗ ಅದು ಮುಚ್ಚಿಹೋಗುತ್ತದೆ.

ಬೇರುಗಿಡವೇ ತಪ್ಪಾಗಿದ್ದರೆ

ಬೇಲಿಯಲ್ಲಿ ಸಿಗುವ ಕಳ್ಳಿಗೆ ಕಸಿ ಕಟ್ಟಿ ಹಿಡಿಯಲಿಲ್ಲ ಅನ್ನುವವರು ಮೊದಲು ಆ ಕಳ್ಳಿಯನ್ನು ಒಂದಿಷ್ಟು ಗೀರಿ ನೋಡಬೇಕು. ಬಿಳಿ ಹಾಲು ಬಂದರೆ ಅದು ಯೂಫೋರ್ಬಿಯಾ ಜಾತಿ. ಅರಸೀಕೆರೆ, ಕಡೂರು ಕಡೆಯ ಬೇಲಿಗಳಲ್ಲಿ ನಿಲ್ಲುವ ಮೂರು ಮೂಲೆಯ ಮುಂಡುಗಳ್ಳಿ ಡ್ರ್ಯಾಗನ್ ಫ್ರೂಟ್ ಕಾಂಡದಂತೆಯೇ ಕಾಣುತ್ತದೆ, ಮುಳ್ಳೂ ಇರುತ್ತದೆ. ಆದರೆ ಅದು ಕ್ಯಾಕ್ಟಸ್ ಕುಟುಂಬದ್ದಲ್ಲ. ಅದರ ಮೇಲೆ ಕ್ಯಾಕ್ಟಸ್ ಯಾವತ್ತೂ ಕೂಡುವುದಿಲ್ಲ, ಎಷ್ಟು ಶುದ್ಧವಾಗಿ ಕೊಯ್ದರೂ ಅಷ್ಟೆ. ಆ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ತಕ್ಷಣ ಧಾರಾಳ ನೀರಿನಲ್ಲಿ ಬಹಳ ಹೊತ್ತು ತೊಳೆದು ಕಣ್ಣಿನ ವೈದ್ಯರ ಹತ್ತಿರ ಹೋಗಿ.

ನಮ್ಮಲ್ಲಿ ಬ್ರಹ್ಮಕಮಲ ಅಂತ ರಾತ್ರಿ ಹೂ ನೋಡಲು ನೆರೆಹೊರೆಯವರನ್ನೆಲ್ಲ ಕರೆಯುವ ಗಿಡ ನಿಜಕ್ಕೂ ಕ್ಯಾಕ್ಟಸ್ಸೇ. ಆದರೂ ಅದರ ಚಪ್ಪಟೆ ಕಾಂಡ ತೀರ ತೆಳು, ಗುಂಡು ಕುಡಿಯ ಭಾರ ಹೊರುವುದಿಲ್ಲ. ಪಾಪಾಸುಕಳ್ಳಿ ಹಿಡಿಯುತ್ತದೆ, ಗಟ್ಟಿ ಬೇರುಗಿಡವೂ ಹೌದು. ಆದರೆ ಅದರ ಲೋಳೆ ಜಾಸ್ತಿ, ಕುಡಿ ಜಾರುತ್ತದೆ. ಉಂಗುರ ದುಂಡಗಿರದೆ ಉದ್ದಕ್ಕೆ ಎಳೆದಂತೆ ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳು ಕೈಗೆ ಹೊಕ್ಕರೆ ಎರಡು ದಿನ ಕಾಡುತ್ತವೆ. ಕೊಯ್ಯುವ ಮೊದಲು ಆ ಜಾಗಕ್ಕೆ ಅಗಲದ ಪ್ಯಾಕಿಂಗ್ ಟೇಪ್ ಒತ್ತಿ ಕಿತ್ತರೆ ಬಹುಪಾಲು ಮುಳ್ಳು ಟೇಪಿಗೆ ಬರುತ್ತದೆ.

ಮನೆ ಮುಂದೆ ಕಂಬವಾಗಿ ಬೆಳೆಯುವ ಸೀರಿಯಸ್ (Cereus) ಎಂಬ ಕ್ಯಾಕ್ಟಸ್ ಸಿಕ್ಕರೆ ಅದು ಡ್ರ್ಯಾಗನ್ ಫ್ರೂಟ್‌ಗಿಂತ ಎಷ್ಟೋ ದೀರ್ಘಾಯು. ಕುಡಿ ಬೆಲೆಬಾಳುವಂಥದ್ದಾದರೆ ಅದನ್ನೇ ಆರಿಸಿಕೊಳ್ಳಿ.

ಡ್ರ್ಯಾಗನ್ ಫ್ರೂಟ್‌ನಲ್ಲೂ ಎಲ್ಲ ಕಾಂಡ ಆಗುವುದಿಲ್ಲ. ಬ್ಲೇಡ್ ನಡುವೆ ಬಂದಾಗ ಕರಕರ ಅಂದರೆ, ಅಥವಾ ಅಲ್ಲಿ ತಡೆದು ನಿಂತರೆ, ಉಂಗುರ ನಾರುಗಟ್ಟಿದೆ ಅಂತ ಅರ್ಥ. ಅಂಥ ಕಾಂಡದಲ್ಲಿ ಎಷ್ಟು ಸಲ ಪ್ರಯತ್ನಿಸಿದರೂ ಸೋಲೇ. ತುದಿಯ ಕಡೆಗೆ, ಬ್ಲೇಡ್ ಸರಾಗವಾಗಿ ಹಾಯುವ ಎಳೆಯ ಜಾಗಕ್ಕೆ ಹೋಗಿ ಕೊಯ್ಯಿರಿ. ತೀರ ತುದಿಯ ಬೆರಳುದ್ದದ ಮೆತ್ತನೆ ಭಾಗವೂ ಬೇಡ, ಅದು ಬಾಡಿ ಕುಗ್ಗುತ್ತದೆ.

ಬೇರುಗಿಡ ತಯಾರಿ ಹೀಗೆ: 15–20 ಸೆಂ.ಮೀ. ಉದ್ದದ ತುಂಡು ಕತ್ತರಿಸಿ, ನೆರಳಲ್ಲಿ 5–7 ದಿನ ಗಾಯ ಒಣಗಿಸಿ, 4 ಇಂಚಿನ ಕುಂಡದಲ್ಲಿ ನೆಡಿ. ಜರಡಿ ಹಿಡಿದ ಕೆಮ್ಮಣ್ಣು ಒಂದು ಪಾಲು, ದೂಳು ತೊಳೆದ ಎಂ-ಸ್ಯಾಂಡ್ ಒಂದು ಪಾಲು, 3–6 ಮಿ.ಮೀ. ಇಟ್ಟಿಗೆ ಚೂರು ಒಂದು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಅರ್ಧ ಪಾಲು ಸಾಕು. ತೋಟದಲ್ಲಿ ಪುಕ್ಕಟೆ ಸಿಗುತ್ತದೆ ಅಂತ ಹಸಿ ಕಾಫಿ ಸಿಪ್ಪೆ ಬೆರೆಸಬೇಡಿ. ಅದು ಕೊಳೆಯುವಾಗ ಬಿಸಿಯಾಗುತ್ತದೆ, ನೀರನ್ನೂ ಹಿಡಿದಿಡುತ್ತದೆ. ಬೇರು ಬಿಟ್ಟು, ಮೇಲೆ ಹೊಸ ಚಿಗುರು ಹೊರಟ ಮೇಲೆ ಮಾತ್ರ ಕಸಿ. ಇದಕ್ಕೆ ಆರರಿಂದ ಎಂಟು ವಾರ ಬೇಕಾಗುತ್ತದೆ. ಬೇರು ಬಿಡದ ತುಂಡಿಗೆ ಕಟ್ಟಿದ ಕಸಿ ಮೊದಲ ವಾರ ಚೆನ್ನಾಗಿ ಕಂಡು ಎರಡನೇ ವಾರದಲ್ಲಿ ಸೊರಗುವುದು ಮಾಮೂಲು. ಕಸಿ ಕಟ್ಟುವ ಎರಡು ದಿನ ಮೊದಲು ಬೇರುಗಿಡಕ್ಕೆ ತುಂಬ ನೀರು ಕೊಡಿ. ಕೊಯ್ದಾಗ ಮುಖದಲ್ಲಿ ರಸ ಒಸರದಿದ್ದರೆ ಆ ದಿನ ಕಟ್ಟಬೇಡಿ.

ಒಂದರಿಂದ ಮೂರು ದಿನ: ಕುಡಿ ಜಾರಿದೆ, ವಾಲಿದೆ

ಇದು ಕಟ್ಟಿನ ದೋಷ. ಎರಡು ರಬ್ಬರ್ ಬ್ಯಾಂಡ್‌ಗಳು ಕುಂಡದ ತಳದಿಂದ ಬಂದು ಕುಡಿಯ ನೆತ್ತಿಯ ಮೇಲೆ ಅಡ್ಡಡ್ಡ ಹಾಯಬೇಕು. ಒಂದೇ ಬ್ಯಾಂಡ್ ಹಾಕಿದರೆ ಕುಡಿ ಎರಡು ಪಕ್ಕಕ್ಕೆ ವಾಲಲು ಜಾಗ ಸಿಗುತ್ತದೆ. ಒಂದು ಬ್ಯಾಂಡ್ ಬಿಗಿ, ಇನ್ನೊಂದು ಸಡಿಲ ಆದರೆ ಬಿಗಿಯ ಕಡೆಗೆ ಜಾರುತ್ತದೆ. ನಾಲ್ಕೂ ಎಳೆಗಳನ್ನು ಬೆರಳಿಂದ ಮೀಟಿ ನೋಡಿ, ಒಂದೇ ಬಿಗಿ ಇರಬೇಕು. ಡ್ರಾಯರ್‌ನಲ್ಲಿ ವರ್ಷಗಟ್ಟಲೆ ಬಿದ್ದ ಬ್ಯಾಂಡ್ ಬಿಸಿಲಿಗೆ ಎರಡೇ ದಿನಕ್ಕೆ ಹರಿಯುತ್ತದೆ. ಹೊಸದನ್ನೇ ಬಳಸಿ. ಕುಡಿಯ ನೆತ್ತಿ ಮೆತ್ತಗಿದ್ದರೆ ಅಥವಾ ಮುಳ್ಳು ಬ್ಯಾಂಡನ್ನು ಎತ್ತುತ್ತಿದ್ದರೆ ನಡುವೆ ಒಂದು ಹತ್ತಿ ಉಂಡೆ ಇಡಿ. ಎಷ್ಟು ಬಿಗಿ ಅಂದರೆ, ಕುಡಿ ಅಲುಗಬಾರದು, ಆದರೆ ಅದರ ಮೈ ಮೇಲೆ ಬ್ಯಾಂಡಿನ ಅಚ್ಚು ಮೂಡಬಾರದು. ಅಚ್ಚು ಮೂಡಿದ ಜಾಗದಲ್ಲೇ ಕೊಳೆ ಶುರುವಾಗುತ್ತದೆ.

ಕುಂಡ ಎತ್ತರವಾಗಿ ಬ್ಯಾಂಡ್ ಎಟುಕದಿದ್ದರೆ ಮೆಡಿಕಲ್ ಶಾಪಿನಲ್ಲಿ ಸಿಗುವ ಮೈಕ್ರೋಪೋರ್ ಟೇಪ್ ಸಾಕು. ಕುಡಿಯ ನೆತ್ತಿಯಿಂದ ಬೇರುಗಿಡದ ಎರಡು ಪಕ್ಕಕ್ಕೆ ಎಳೆದು ಅಂಟಿಸಿ. ಗಾಳಿ ಆಡುತ್ತದೆ, ಬೆವರು ನಿಲ್ಲುವುದಿಲ್ಲ. ಹೊಳೆಯುವ ಪ್ಲಾಸ್ಟಿಕ್ ಟೇಪ್ ಬೇಡ.

ಜಾರಿದ್ದು ಮೊದಲ ದಿನವೇ ಕಂಡರೆ ಕುಡಿಯನ್ನು ಸುಮ್ಮನೆ ಹಿಂದಕ್ಕೆ ತಳ್ಳಿ ಕೂರಿಸಬೇಡಿ. ಎರಡೂ ಮುಖಗಳನ್ನು 2 ಮಿ.ಮೀ. ತೆಳುವಾಗಿ ಹೊಸದಾಗಿ ಕೊಯ್ದು ಮತ್ತೆ ಕಟ್ಟಿ.

ಮೂರರಿಂದ ಎಂಟು ದಿನ: ಅಂಚು ಎದ್ದಿದೆ, ನಡುವೆ ಗಾಳಿ ಹೊಕ್ಕಿದೆ

ಹೆಚ್ಚು ಕಸಿಗಳು ಬೀಳುವುದು ಹೀಗೆ. ಕುಡಿಯನ್ನು ಎತ್ತಿ ನೋಡಿದರೆ ಬೇರುಗಿಡದ ಮುಖ ತಟ್ಟೆಯಂತೆ ತಗ್ಗಾಗಿರುತ್ತದೆ. ಸಿಪ್ಪೆ ಗಟ್ಟಿ, ಅದು ಕುಗ್ಗುವುದಿಲ್ಲ. ಒಳಗಿನ ತಿರುಳು ನೀರು ಕಳೆದುಕೊಂಡು ಕೆಳಗೆ ಇಳಿಯುತ್ತದೆ. ಆಗ ಕುಡಿ ಸಿಪ್ಪೆಯ ಅಂಚಿನ ಮೇಲೆ ನಿಂತು, ನಡುವಿನ ಉಂಗುರ ಕೂಡದೆ ಹಾಗೇ ಉಳಿಯುತ್ತದೆ.

ಇದಕ್ಕೆ ಪರಿಹಾರ ಕೊಯ್ಯುವಾಗಲೇ ಇದೆ. ಅಡ್ಡ ಕೊಯ್ದ ಮೇಲೆ ಮೂರೂ ಏಣುಗಳ ಅಂಚನ್ನು 45 ಡಿಗ್ರಿ ಓರೆಯಲ್ಲಿ 5–8 ಮಿ.ಮೀ. ಸವರಿ ಇಳಿಜಾರು ಮಾಡಿ. ಮುಖದ ಹತ್ತಿರದ ಮುಳ್ಳಿನ ಬುಡಗಳೂ ಇದರಲ್ಲೇ ಹೋಗುತ್ತವೆ. ಅವು ಉಳಿದರೆ ಮುಂದೆ ಅಲ್ಲಿಂದ ಚಿಗುರು ಹೊರಟು ಕುಡಿಯನ್ನು ಎತ್ತಿ ಬಿಸಾಡುತ್ತದೆ. ಕುಡಿಯ ತಳದ ಸಿಪ್ಪೆ ದಪ್ಪಗಿದ್ದರೆ ಅದರ ಅಂಚನ್ನೂ ತುಸು ಸವರಿ. ಸವರಿದ ಮೇಲೆ ಕೊನೆಯದಾಗಿ ಮುಖದಿಂದ ಕಾಗದದಷ್ಟು ತೆಳ್ಳನೆಯ ಒಂದು ಬಿಲ್ಲೆ ಕೊಯ್ಯಿರಿ, ಆದರೆ ತೆಗೆಯದೆ ಅದನ್ನು ಅಲ್ಲೇ ಮುಚ್ಚಳವಾಗಿ ಬಿಡಿ. ಕುಡಿ ಕೊಯ್ದು ಕೈಗೆ ಬಂದ ಮೇಲೆ ಆ ಬಿಲ್ಲೆಯನ್ನು ಪಕ್ಕಕ್ಕೆ ಜಾರಿಸಿ, ಒದ್ದೆ ಮುಖದ ಮೇಲೆ ಕುಡಿಯನ್ನು ಅದೇ ದಿಕ್ಕಿನಲ್ಲಿ ಜಾರಿಸಿ ಕೂರಿಸಿ. ಸ್ವಲ್ಪ ಒತ್ತಿ ಎಡಕ್ಕೂ ಬಲಕ್ಕೂ ಒಂದಿಷ್ಟು ತಿರುಗಿಸಿದರೆ ನಡುವೆ ಸಿಕ್ಕ ಗಾಳಿಗುಳ್ಳೆ ಹೊರಬರುತ್ತದೆ. ಬಿಲ್ಲೆ ತೆಗೆದು ಬ್ಯಾಂಡ್ ಹಾಕುವ ಹೊತ್ತಿಗೆ ಒಂದು ನಿಮಿಷ ದಾಟಬಾರದು. ಬ್ಯಾಂಡ್, ಹತ್ತಿ, ಟೇಪ್ ಎಲ್ಲವನ್ನೂ ಕೊಯ್ಯುವ ಮೊದಲೇ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ತಗ್ಗಿಲ್ಲ, ಮುಖ ಮಾತ್ರ ಅಲೆಅಲೆಯಾಗಿದೆ ಅಂದರೆ ಬ್ಲೇಡ್ ಮೊಂಡಾಗಿತ್ತು ಅಥವಾ ಗರಗಸದ ಹಾಗೆ ಹಿಂದೆ ಮುಂದೆ ಎಳೆದು ಕೊಯ್ದಿದ್ದೀರಿ. ಅಡುಗೆಮನೆ ಚಾಕು ಇದಕ್ಕೆ ಒಗ್ಗುವುದಿಲ್ಲ. ಹೊಸ ಶೇವಿಂಗ್ ಬ್ಲೇಡ್ ಅಥವಾ ಸ್ಟೇಷನರಿ ಅಂಗಡಿಯ ಅಗಲದ ಕಟ್ಟರ್ ಬ್ಲೇಡ್ ತೆಗೆದುಕೊಂಡು, ಒಂದೇ ಎಳೆತದಲ್ಲಿ ಕೊಯ್ಯಿರಿ.

ಹತ್ತನೇ ದಿನ: ಬ್ಯಾಂಡ್ ಬಿಚ್ಚಿದ ಕೂಡಲೇ ಬಿತ್ತು, ಮುಖ ಶುದ್ಧವಾಗಿದೆ

ಕೊಳೆ ಇಲ್ಲ, ತಗ್ಗೂ ಇಲ್ಲ. ಎರಡೂ ಮುಖ ಒಣಗಿ ತೆಳು ಪೊರೆ ಕಟ್ಟಿಕೊಂಡಿದೆ. ಇಂಥದ್ದಕ್ಕೆ ಮೂರು ಕಾರಣಗಳು.

ಮೊದಲನೆಯದು ಉಂಗುರ ತಪ್ಪಿದ್ದು. ಎರಡು ಮುಖಗಳ ಮೇಲೆ ಕೂತಿದ್ದ ಗುರುತು ಇನ್ನೂ ಇರುತ್ತದೆ. ಕುಡಿಯನ್ನು ಅದೇ ಜಾಗದಲ್ಲಿ ಹಿಡಿದು, ಅದರ ಉಂಗುರ ಬೇರುಗಿಡದ ಉಂಗುರದ ಒಳಗೆ ಬೀಳುತ್ತಿತ್ತೋ ಹೊರಗೆ ಬೀಳುತ್ತಿತ್ತೋ ನೋಡಿ.

ಎರಡನೆಯದು ನಡುವೆ ಏನಾದರೂ ಹಚ್ಚಿದ್ದು. ಗಾಯಕ್ಕೆ ಅರಿಸಿನ ಹಚ್ಚುವುದು ನಮ್ಮ ಕೈಗೆ ಅಂಟಿದ ಅಭ್ಯಾಸ. ದಾಲ್ಚಿನ್ನಿ ಪುಡಿ, ಗಂಧಕ, ಬೇರು ಬರಿಸುವ ಹಾರ್ಮೋನ್ ಪುಡಿ, ಜೇನುತುಪ್ಪ ಇವನ್ನು ಸಲಹೆ ಮಾಡುವವರೂ ಇದ್ದಾರೆ. ಕಸಿಯ ಎರಡು ಮುಖಗಳ ನಡುವೆ ಇದಾವುದೂ ಬೇಡ. ಜೀವಕೋಶಕ್ಕೆ ಜೀವಕೋಶ ಮುಟ್ಟಿ ಕೂಡಬೇಕಾದ ಜಾಗದಲ್ಲಿ ಪುಡಿ ಗೋಡೆಯಾಗುತ್ತದೆ. ಅಡಿಕೆ, ಕಾಫಿಗೆ ಹೊಡೆಯಲು ತಯಾರಿಸಿದ ಬೋರ್ಡೋ ಮಿಶ್ರಣ ಉಳಿದಿದೆ ಅಂತ ಕಸಿ ಮುಖಕ್ಕೆ ಹಚ್ಚುವುದೂ ತಪ್ಪು. ಗಂಧಕದ ಪುಡಿಯನ್ನು ಕಸಿ ಕಟ್ಟಿ ಮುಗಿದ ಮೇಲೆ ಹೊರಗೆ ಕಾಣುವ ಇಳಿಜಾರು ಅಂಚಿಗೆ ಮಾತ್ರ ಹತ್ತಿಯಿಂದ ಲೇಪಿಸಬಹುದು.

ಮೂರನೆಯದು ಚಳಿ. ಡಿಸೆಂಬರ್, ಜನವರಿಯಲ್ಲಿ ನಮ್ಮ ಊರುಗಳ ರಾತ್ರಿ 15 ಡಿಗ್ರಿಯ ಆಸುಪಾಸಿಗೆ, ಕೆಲವು ದಿನ ಅದಕ್ಕೂ ಕೆಳಗೆ ಇಳಿಯುತ್ತದೆ. ಡ್ರ್ಯಾಗನ್ ಫ್ರೂಟ್ ಆಗ ಬೆಳೆಯುವುದನ್ನೇ ನಿಲ್ಲಿಸಿರುತ್ತದೆ. ಬೆಳೆಯದ ಗಿಡ ಗಾಯ ಕೂಡಿಸುವುದಿಲ್ಲ. ಅನಿವಾರ್ಯವಾಗಿ ಚಳಿಯಲ್ಲಿ ಕಟ್ಟಿದ್ದರೆ ಬ್ಯಾಂಡನ್ನು ಎರಡು ವಾರ ಬಿಡಿ. ಬೆಚ್ಚನೆಯ ತಿಂಗಳಲ್ಲಿ ಏಳರಿಂದ ಹತ್ತು ದಿನ ಸಾಕು.

ಕಪ್ಪು, ಕಂದು, ವಾಸನೆ

ಕೊಳೆತ ಕಸಿಯನ್ನು ನೋಡುವಾಗ ಕೊಳೆ ಎಲ್ಲಿಂದ ಶುರುವಾಗಿದೆ ಅನ್ನುವುದು ಮುಖ್ಯ. ಅಂಚಿನಿಂದ ಒಳಕ್ಕೆ ಹೋಗಿದ್ದರೆ ನೀರು ಬಿದ್ದಿದೆ. ಮುಖದ ತುಂಬ ಒಂದೇ ಸಮ ಲೊಳಲೊಳ ಆಗಿ ವಾಸನೆ ಬಂದಿದ್ದರೆ ಬ್ಲೇಡ್ ಅಥವಾ ಕೈ ಕೊಳಕಾಗಿತ್ತು. ಉಂಗುರ ಮಾತ್ರ ಕಿತ್ತಳೆಗೆಂಪು, ಕಂದು ಬಣ್ಣಕ್ಕೆ ತಿರುಗಿ ಸುತ್ತಲಿನ ತಿರುಳು ಇನ್ನೂ ಚೆನ್ನಾಗಿದ್ದರೆ ರೋಗ ಮೊದಲೇ ಗಿಡದ ಒಳಗಿತ್ತು. ಮೂರಕ್ಕೂ ಮದ್ದು ಬೇರೆಬೇರೆ.

ನೀರಿನ ವಿಷಯದಲ್ಲಿ ಮಲೆನಾಡಿನವರು ಎಷ್ಟು ಎಚ್ಚರಿಕೆ ವಹಿಸಿದರೂ ಕಡಿಮೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಸಿ ಕೆಲಸ ಬಿಟ್ಟೇಬಿಡುವುದು ಒಳ್ಳೆಯದು. ಮಳೆ ನೇರವಾಗಿ ಬೀಳದಿದ್ದರೂ ಗಾಳಿಯಲ್ಲೇ ಇರುವ ತೇವಕ್ಕೆ ಗಾಯ ಒಣಗುವುದಿಲ್ಲ. ಹೆಂಚಿನ ಮನೆಯ ಸೂರಿನ ಕೆಳಗೆ ಕುಂಡ ಇಟ್ಟರೆ ಮಳೆ ನಿಂತ ಮೇಲೂ ತೊಟ್ಟಿಕ್ಕುತ್ತಿರುತ್ತದೆ. ಜಗಲಿಯ ಒಳಗೋಡೆಗೆ ಒತ್ತಿ ಇಡಿ. ಬೇಸಿಗೆಯಲ್ಲಿ ಕಟ್ಟಿದರೂ ಕಾಫಿಗೆ ಹೂಮಳೆ ಬರುವ ಮಾರ್ಚ್, ಏಪ್ರಿಲ್‌ನ ಸಂಜೆಗಳಲ್ಲಿ ಕುಂಡ ಒಳಗೆ ತರಬೇಕು. ತೋಟಕ್ಕೆ ವರವಾದ ಆ ಒಂದು ಮಳೆಗೆ ಐದು ದಿನದ ಕಸಿ ಹಾಳಾಗುತ್ತದೆ. ಬಯಲುಸೀಮೆಯ ಅರಸೀಕೆರೆ, ಕಡೂರಿನಲ್ಲಿ ತೊಂದರೆ ಇದರ ತದ್ವಿರುದ್ಧ. ಅಲ್ಲಿ ಏಪ್ರಿಲ್‌ನ ಒಣ ಗಾಳಿ ಕೊಯ್ದ ಮುಖವನ್ನು ಬೇಗ ಒಣಗಿಸುತ್ತದೆ, ಹಾಗಾಗಿ ಸಂಜೆ ಹೊತ್ತು, ಫ್ಯಾನ್ ನಿಲ್ಲಿಸಿ ಕಟ್ಟಿ. ಎರಡೂ ಕಡೆಗೆ ಒಗ್ಗುವ ಕಾಲ ಫೆಬ್ರುವರಿಯಿಂದ ಮೇ ಮೊದಲ ವಾರಗಳವರೆಗೆ. ಮಳೆ ಹಿಂದೆ ಸರಿದ ಮೇಲೆ ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವೆ ಇನ್ನೊಂದು ಸಣ್ಣ ಅವಕಾಶ ಸಿಗುತ್ತದೆ.

ಕಟ್ಟಿದ ಮೇಲೆ ಹತ್ತು ದಿನ ಬುಡಕ್ಕೆ ಮಾತ್ರ ಸ್ವಲ್ಪ ನೀರು. ಜಾಗ ಬೆಳಕಿರಬೇಕು, ನೇರ ಬಿಸಿಲು ಬೀಳಬಾರದು. ಬಾಡದಿರಲಿ ಅಂತ ಪ್ಲಾಸ್ಟಿಕ್ ಕವರ್ ಮುಚ್ಚುವುದು ಬಟಾಣಿ ಗಾತ್ರಕ್ಕಿಂತ ಸಣ್ಣ ಸಸಿಗಳಿಗೆ ಮಾತ್ರ ಬೇಕು. ದೊಡ್ಡ ಕುಡಿಗೆ ಮುಚ್ಚಿದರೆ ಒಳಗೆ ಬೂಷ್ಟು ಹಿಡಿಯುತ್ತದೆ.

ಬ್ಲೇಡನ್ನು ಪ್ರತಿ ಕೊಯ್ತಕ್ಕೂ ಸರ್ಜಿಕಲ್ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ, ಸ್ಪಿರಿಟ್ ಆರಿದ ಮೇಲೆ ಕೊಯ್ಯಿರಿ. ಬೇರುಗಿಡ ಕೊಯ್ದು ಹಾಗೇ ಕುಡಿಗೆ ಹೋಗಬೇಡಿ. ಬೆಂಕಿಯಲ್ಲಿ ಕಾಯಿಸುವುದಾದರೆ ಹತ್ತಿರ ಸ್ಪಿರಿಟ್ ಇರಬಾರದು.

ಉಂಗುರದ ಬಣ್ಣ ಬದಲಾಗಿದ್ದರೆ ಅದು ನಾಳದೊಳಗೆ ಹಬ್ಬುವ ಶಿಲೀಂಧ್ರ ರೋಗ, ಸಾಮಾನ್ಯವಾಗಿ ಫ್ಯುಸೇರಿಯಂ ಗುಂಪಿನದು. ಬೇರುಗಿಡವನ್ನು ಒಂದೊಂದೇ ಸೆಂ.ಮೀ. ಕೆಳಗೆ ಕೊಯ್ಯುತ್ತಾ ಹೋಗಿ, ಪ್ರತಿ ಸಲ ಬ್ಲೇಡ್ ಒರೆಸಿ. ಉಂಗುರದಲ್ಲಿ ಒಂದು ಚುಕ್ಕೆಯೂ ಇಲ್ಲದ ಜಾಗ ಸಿಕ್ಕರೆ ಅಲ್ಲಿಂದ ಇನ್ನೂ ಎರಡು ಸೆಂ.ಮೀ. ಕೆಳಗೆ ಹೋಗಿ ನಿಲ್ಲಿ. ಬುಡದವರೆಗೂ ಬಣ್ಣ ಇದ್ದರೆ ಗಿಡ, ಮಣ್ಣು ಎರಡನ್ನೂ ಬಿಡಿ. ಗೊಬ್ಬರದ ಗುಂಡಿಗೆ ಹಾಕದೆ ಸುಟ್ಟುಬಿಡಿ. ಕುಡಿಯಲ್ಲೂ ಹಾಗೇ ಹುಡುಕಿ. ಶುದ್ಧ ಭಾಗ ಒಂದೂವರೆ ಸೆಂ.ಮೀ. ಉಳಿದರೂ ಹೊಸ ಬೇರುಗಿಡದ ಮೇಲೆ ಬದುಕಿಸಬಹುದು.

ಅಂಟಿದೆ, ಆದರೆ ಬೆಳೆಯುತ್ತಿಲ್ಲ

ಇದೇ ಎಲ್ಲಕ್ಕಿಂತ ಮೋಸದ ಸ್ಥಿತಿ, ತಾಳ್ಮೆಯಿಂದ ನೋಡಬೇಕಾದದ್ದೂ ಇದೇ. ತಿರುಳಿಗೆ ತಿರುಳು ಅಂಟಿಕೊಂಡಿರುತ್ತದೆ, ನಾಳಗಳು ಕೂಡಿರುವುದಿಲ್ಲ. ಬೆರಳಿಂದ ಮುಟ್ಟಿದರೆ ಗಟ್ಟಿಯಾಗಿಯೇ ಇದೆ ಅನ್ನಿಸುತ್ತದೆ. ಮೂನ್ ಕ್ಯಾಕ್ಟಸ್‌ನಲ್ಲಿ ಬಣ್ಣ ನೋಡಿ ಏನೂ ಹೇಳಲಾಗದು. 1940ರ ದಶಕದಲ್ಲಿ ಜಪಾನಿನಲ್ಲಿ ಆರಿಸಿ ಬೆಳೆಸತೊಡಗಿದ ಈ ಕೆಂಪು, ಹಳದಿ ಬಗೆಗಳಲ್ಲಿ ಹಸಿರು ದ್ರವ್ಯವೇ ಇಲ್ಲ. ಸ್ವಂತ ಆಹಾರ ತಯಾರಿಸಲಾರದ ಗಿಡ ಒಳಗಿದ್ದ ನೀರಿನಲ್ಲೇ ಕೆಲವು ವಾರ ಕೆಂಪಗೆ ಕೂತಿರುತ್ತದೆ, ಆಮೇಲೆ ಏಣುಗಳ ನಡುವೆ ಸುಕ್ಕು ಬೀಳುತ್ತದೆ.

ಕಸಿ ಕೂಡಿದೆ ಅನ್ನಲು ಎರಡೇ ಸಾಕ್ಷಿ. ಕಟ್ಟಿದ ದಿನ ಸೊರಗಿದ್ದ ಕುಡಿ ಉಬ್ಬಿ ಮೈದುಂಬಬೇಕು. ನೆತ್ತಿಯಲ್ಲಿ, ಹಳೆಯ ಮುಳ್ಳುಗಳ ನಡುವೆ, ಬೇರೆ ಬಣ್ಣದ ಎಳೆಯ ಮುಳ್ಳು ಕಾಣಬೇಕು. ಬೆಚ್ಚನೆಯ ಕಾಲದಲ್ಲಿ ಮೂರು ನಾಲ್ಕು ವಾರದೊಳಗೆ ಇವು ಬರುತ್ತವೆ. ಆರು ವಾರವಾದರೂ ಬರದಿದ್ದರೆ ಕುಡಿಯನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿ. ಪಟ್ ಅಂತ ಇಡಿಯಾಗಿ ಬಿಟ್ಟುಕೊಂಡರೆ ಕೂಡಿರಲಿಲ್ಲ. ಹಸಿರು ಕುಡಿಯಾದರೆ ಅದರ ಉಂಗುರದಿಂದ ಎಳೆ ಬೇರುಗಳು ಹೊರಟು ಬೇರುಗಿಡದ ಮುಖದ ಮೇಲೆ ಹರಡಿರುವುದನ್ನೂ ಕಾಣಬಹುದು. ಅದು ತಾನೇ ಬದುಕಲು ಹೊರಟಿದೆ. ಬೇರು ಮುರಿಯದಂತೆ ಬಿಡಿಸಿ, ಒಣಗಿದ ಮರಳುಮಣ್ಣಿನ ಮೇಲೆ ಕೂರಿಸಿ, ವಾರ ಬಿಟ್ಟು ನೀರು ಕೊಡಿ. ಮೂನ್ ಕ್ಯಾಕ್ಟಸ್‌ಗೆ ಆ ದಾರಿ ಇಲ್ಲ. ಅದೇ ದಿನ ಮುಖ ಹೊಸದಾಗಿ ಕೊಯ್ದು ಮತ್ತೆ ಕಸಿ ಮಾಡಲೇಬೇಕು.

ಕೂಡಿದ ಮೇಲೆ ಬರುವ ತೊಂದರೆಗಳು

ಬೇರುಗಿಡದ ಏಣುಗಳಿಂದ ಚಿಗುರು ಹೊರಟರೆ ಕಾಳುಮೆಣಸಿನ ಗಾತ್ರದಲ್ಲಿರುವಾಗಲೇ ಬ್ಲೇಡ್ ತುದಿಯಿಂದ ಬುಡಸಮೇತ ತೆಗೆಯಿರಿ. ಬರೀ ಮುರಿದರೆ ಅಲ್ಲೇ ಮತ್ತೆ ಬರುತ್ತದೆ. ಬಿಟ್ಟರೆ ಬಲವೆಲ್ಲ ಅದಕ್ಕೇ ಹೋಗಿ ಕುಡಿ ನಿಂತಲ್ಲೇ ನಿಲ್ಲುತ್ತದೆ.

ಕುಡಿಯ ಪಕ್ಕ ಉದ್ದಕ್ಕೆ ಬಿರಿದಿದ್ದರೆ ನೀರು, ಗೊಬ್ಬರ ಜಾಸ್ತಿಯಾಗಿದೆ. ನಿಧಾನವಾಗಿ ಬೆಳೆಯುವ ಜಾತಿಯನ್ನು ಓಡುವ ಬೇರುಗಿಡದ ಮೇಲೆ ಕೂರಿಸಿದಾಗ ಹೀಗಾಗುತ್ತದೆ. ಗಾಯ ಒಣಗಲು ಬಿಡಿ, ನೀರಿನ ನಡುವಿನ ದಿನಗಳನ್ನು ಎರಡರಷ್ಟು ಮಾಡಿ. ಕೆಂಪು ಕುಡಿ ಮಂಕಾಗಿ ಬೂದು ಬಣ್ಣಕ್ಕೆ ತಿರುಗಿದರೆ ಬಿಸಿಲು ಸುಟ್ಟಿದೆ. 50 ಪರ್ಸೆಂಟ್ ಶೇಡ್ ನೆಟ್ ಕೆಳಗೆ ಇಡಿ. ಬೇರುಗಿಡಕ್ಕೆ ಬೆಳಕು ಬೇಕು, ಮೂನ್ ಕ್ಯಾಕ್ಟಸ್‌ಗೆ ಬಿಸಿಲು ಆಗದು. ಹಾಗಾಗಿ ಪೂರ್ವದ ಕಡೆಯ ಜಗಲಿ ಇದಕ್ಕೆ ಹೇಳಿಮಾಡಿಸಿದ ಜಾಗ.

ಸೇರಿಕೆಯ ಸಂದಿನಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಕಡ್ಡಿಯಿಂದ ಅಲ್ಲೇ ಅರೆದು ನೋಡಿ. ಕಾಫಿ ತೋಟದವರಿಗೆ ಗೊತ್ತಿರುವ ಹಿಟ್ಟುತಿಗಣೆಯಾದರೆ ಸಾಧಾರಣ ಅಂಟು ಬರುತ್ತದೆ. ಪಾಪಾಸುಕಳ್ಳಿಯ ಬೇರುಗಿಡದಲ್ಲಿ ಅರೆದಾಗ ಕಡುಗೆಂಪು ರಸ ಬಂದರೆ ಅದು ಕೊಚಿನಿಯಲ್ ಹುಳು. ಸ್ಪಿರಿಟ್ ಅದ್ದಿದ ಬ್ರಷ್‌ನಿಂದ ಎರಡನ್ನೂ ಒರೆಸಿ, ವಾರಕ್ಕೊಮ್ಮೆ ಮೂರು ನಾಲ್ಕು ಸಲ ಮಾಡಿ. ಇರುವೆ ಸಾಲು ಕಂಡರೆ ಮೊದಲು ಅದನ್ನು ತಡೆಯಿರಿ. ಹಿಟ್ಟುತಿಗಣೆಯನ್ನು ಹೊತ್ತು ತಂದು ಕಾಯುವುದು ಅವೇ. ಮಳೆಗಾಲದ ರಾತ್ರಿ ಎಳೆಯ ಕುಡಿಯನ್ನು ತಿಂದದ್ದು ಬಸವನಹುಳುವಾದರೆ ಬೆಳಗ್ಗೆ ಹೊಳೆಯುವ ಲೋಳೆ ಗೆರೆ ಕುಂಡದ ಮೇಲೆ ಉಳಿದಿರುತ್ತದೆ. ಕುಂಡವನ್ನು ನೆಲದಿಂದ ಎತ್ತಿ ಕಬ್ಬಿಣದ ಸ್ಟ್ಯಾಂಡ್ ಮೇಲಿಡಿ.

ಎರಡು ಮೂರು ವರ್ಷ ಚೆನ್ನಾಗಿದ್ದ ಮೂನ್ ಕ್ಯಾಕ್ಟಸ್ ಇದ್ದಕ್ಕಿದ್ದಂತೆ ವಾಲಿದರೆ ಮೇಲಿನದನ್ನು ಅನುಮಾನಿಸಬೇಡಿ, ಕೆಳಗೆ ಬುಡ ಮುಟ್ಟಿ ನೋಡಿ. ಡ್ರ್ಯಾಗನ್ ಫ್ರೂಟ್ ಬೇರುಗಿಡ ಹಳೆಯದಾಗಿ ನಾರುಗಟ್ಟಿ ಹಳದಿಯಾಗುವುದು, ಚಳಿಗಾಲದಲ್ಲಿ ಒದ್ದೆ ಮಣ್ಣಿನಲ್ಲಿ ಬುಡ ಕೊಳೆಯುವುದು ಅದರ ಸ್ವಭಾವ. ಮೆತ್ತಗಾಗಿದ್ದರೆ ಕಾಯಬೇಡಿ. ಸೇರಿಕೆಯಿಂದ ಅರ್ಧ ಸೆಂ.ಮೀ. ಮೇಲೆ ಕುಡಿಯನ್ನು ಕೊಯ್ದು, ಉಂಗುರ ಶುದ್ಧವಾಗಿದೆಯೇ ನೋಡಿ, ಎಳೆಯ ಬೇರುಗಿಡಕ್ಕೆ ದಾಟಿಸಿ. ಕುಡಿಯ ಪಕ್ಕದಲ್ಲಿ ಮರಿಗಳಿದ್ದರೆ ಅವನ್ನೂ ಬಿಡಿಸಿ ಬೇರೆಬೇರೆ ಕಟ್ಟಿ. 8–10 ಮಿ.ಮೀ. ಅಗಲದ ಮರಿ ಕಸಿಗೆ ಬೇಕಾದಷ್ಟು ದೊಡ್ಡದು. ಇದಕ್ಕಾಗಿ ಬೇರು ಬಿಟ್ಟ ಎರಡು ಮೂರು ಬೇರುಗಿಡಗಳು ಫೆಬ್ರುವರಿ ಹೊತ್ತಿಗೆ ಸದಾ ಸಿದ್ಧವಿರಬೇಕು. ಅಂದರೆ ತುಂಡು ನೆಡುವ ಕೆಲಸ ನವೆಂಬರ್ ಮೊದಲ ವಾರದಲ್ಲೇ, ಚಳಿ ಕೂರುವ ಮುಂಚೆ ಆಗಬೇಕು.